ಮಷೀನ್ ಬರುವುದಕ್ಕೆ ಮೊದಲು

ಕೊರೊನಾ ಪರೀಕ್ಷೆಗೆ ಅಂತ ಶುರುವಾದ ನಮ್ಮ ಲ್ಯಾಬ್ ನೋಡಲು ಬಂದವರು ಮೊದಲು ಕೇಳುವುದು ಒಂದೇ ಪ್ರಶ್ನೆ. "ಮಷೀನ್ ಎಲ್ಲಿದೆ?" ತೋರಿಸುತ್ತೇನೆ. ಆರ್‌ಟಿ-ಪಿಸಿಆರ್ ಮಷೀನ್ ಅಂದರೆ ಅರ್ಧ ಟೇಬಲ್ ಹಿಡಿಯುವ ಒಂದು ಬಿಳಿ ಪೆಟ್ಟಿಗೆ, ಪಕ್ಕದಲ್ಲಿ ಒಂದು ಲ್ಯಾಪ್‌ಟಾಪ್. ಬಂದವರ ಮುಖ ಸ್ವಲ್ಪ ಸಪ್ಪಗಾಗುತ್ತದೆ. 2020ರಲ್ಲಿ ಊರಿಗೆ ಊರೇ ಕಾಯುತ್ತಿದ್ದದ್ದು ಇದಕ್ಕೇನಾ ಅನ್ನುವ ಹಾಗೆ.

ನಿಜ ಹೇಳಬೇಕೆಂದರೆ, ಆ ಇಡೀ ಕೆಲಸದಲ್ಲಿ ಮಷೀನ್ ತರಿಸುವುದೇ ಸುಲಭದ ಭಾಗ. ದುಡ್ಡು ಬಿಡುಗಡೆಯಾಯಿತು, ಆರ್ಡರ್ ಹೋಯಿತು, ಲಾರಿ ಬಂತು. ಕಷ್ಟ ಇದ್ದದ್ದು ಅದನ್ನು ಇಡುವ ಜಾಗದಲ್ಲಿ. ಗೋಡೆ, ಗಾಳಿ, ಕರೆಂಟು, ಯಾರು ಯಾವ ಬಾಗಿಲಿಂದ ಒಳಗೆ ಬಂದು ಯಾವ ಬಾಗಿಲಿಂದ ಹೊರಗೆ ಹೋಗಬೇಕು ಅನ್ನುವ ಲೆಕ್ಕ. ಲ್ಯಾಬ್ ಅಂದರೆ ಅದೇ. ನಾನು ಓದಿದ್ದು ಮೈಕ್ರೋಬಯಾಲಜಿ. ಆದರೆ ಆ ಏಪ್ರಿಲ್ ತಿಂಗಳು ನಾನು ಮಾತಾಡಿದ್ದೆಲ್ಲ ಗಾರೆಯವರ ಹತ್ತಿರ, ಎಲೆಕ್ಟ್ರಿಷಿಯನ್ ಹತ್ತಿರ, ಪ್ಲಂಬರ್ ಹತ್ತಿರ.

ಜಿಲ್ಲೆಗೊಂದು ಲ್ಯಾಬ್ ಯಾಕೆ ಬೇಕು ಅಂತ ಆಗ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕಲಬುರಗಿಯ ಸುದ್ದಿ ಎಲ್ಲರ ಕಿವಿಗೂ ಬಿದ್ದಿತ್ತು. ದೇಶದ ಮೊದಲ ಕೊರೊನಾ ಸಾವು ಅಲ್ಲಿಯವರದ್ದು, 2020ರ ಮಾರ್ಚ್ 10ರಂದು. ಆ ವೃದ್ಧರಿಗೆ ಇದ್ದದ್ದು ಕೊರೊನಾನೇ ಅಂತ ಖಾತ್ರಿಯಾದದ್ದು ಮಾರ್ಚ್ 12ಕ್ಕೆ. ರೋಗಿ ಹೋದ ಮೇಲೆ ರಿಪೋರ್ಟ್ ಬಂತು. ಆಗ ಕಲಬುರಗಿಯಲ್ಲಿ ಈ ಪರೀಕ್ಷೆ ಮಾಡುವ ಲ್ಯಾಬ್ ಇರಲಿಲ್ಲ. ಅದಕ್ಕೂ ಮುಂಚೆ, ಜನವರಿಯಲ್ಲಿ, ಇಡೀ ದೇಶಕ್ಕೆ ಪುಣೆಯ ಎನ್‌ಐವಿ, ಅಂದರೆ ರಾಷ್ಟ್ರೀಯ ವೈರಾಣು ಸಂಸ್ಥೆಯೇ ಗತಿ. ಜನವರಿ 30ರಂದು ಕೇರಳದ ಮೊದಲ ಕೇಸ್ ಖಾತ್ರಿಯಾದದ್ದೂ ಅಲ್ಲಿಂದಲೇ. ಜೂನ್ ಮುಗಿಯುವ ಹೊತ್ತಿಗೆ ದೇಶದಲ್ಲಿ ಲ್ಯಾಬ್‌ಗಳ ಸಂಖ್ಯೆ ಸಾವಿರ ದಾಟಿತ್ತು. ಆ ಸಾವಿರದಲ್ಲಿ ನಮ್ಮದೂ ಒಂದು.

ನಾನು ಮಲೆನಾಡಿನವಳು. ಪುಣೆಯ ಆ ಸಂಸ್ಥೆಯ ಹೆಸರು ನಮ್ಮ ಕಡೆಯವರಿಗೆ ಹೊಸದಲ್ಲ. 1952ರಲ್ಲಿ ವೈರಸ್ ರಿಸರ್ಚ್ ಸೆಂಟರ್ ಅಂತ ಶುರುವಾದದ್ದು ಅದು. 1957ರಲ್ಲಿ ಸೊರಬದ ಕಡೆ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು ಬಿದ್ದಾಗ, ಸುತ್ತಲ ಹಳ್ಳಿಯವರು ಜ್ವರದಲ್ಲಿ ಮಲಗಿದಾಗ, ಅಲ್ಲಿಂದಲೇ ಜನ ಬಂದು ವೈರಸ್ ಹಿಡಿದರು. ಮಂಗನ ಕಾಯಿಲೆಗೆ ಪ್ರಪಂಚದ ಪುಸ್ತಕಗಳಲ್ಲೆಲ್ಲ ನಮ್ಮ ಕಾಡಿನ ಹೆಸರೇ ಇದೆ. ಉಣುಗು ಕಚ್ಚಿ ಜ್ವರ ಬಂದರೆ ರಕ್ತ ದೂರದ ಊರಿಗೆ ಹೋಗಬೇಕು, ರಿಪೋರ್ಟ್ ಬರುವಷ್ಟರಲ್ಲಿ ಜ್ವರ ಬಿಟ್ಟಿರಬೇಕು ಇಲ್ಲವೇ ಮನುಷ್ಯ ಹೋಗಿರಬೇಕು ಅನ್ನೋ ಮಾತನ್ನು ಕೇಳಿಕೊಂಡೇ ಬೆಳೆದವರು ನಾವು. ಹಾಗಾಗಿ ನಮ್ಮ ಆಸ್ಪತ್ರೆಗೆ ಲ್ಯಾಬ್ ಮಂಜೂರಾಗಿದೆ ಅಂದಾಗ ನನಗೆ ಹೆದರಿಕೆಗಿಂತ ಖುಷಿಯೇ ಜಾಸ್ತಿ ಆಗಿತ್ತು. ಹೆದರಿಕೆ ಆಮೇಲೆ ಬಂತು, ಜಾಗ ನೋಡಿದ ಮೇಲೆ.

ಆಸ್ಪತ್ರೆಯವರು ಕೊಟ್ಟದ್ದು ಹಳೇ ರೆಕಾರ್ಡ್ ರೂಮು. ಕೇಸ್‌ಶೀಟಿನ ಗಂಟುಗಳು ಸೂರಿನವರೆಗೆ. ಒಂದು ಮೂಲೆಯಲ್ಲಿ ಗೆದ್ದಲು, ಇನ್ನೊಂದು ಮೂಲೆಯಲ್ಲಿ ನೀರು ಇಳಿದು ಉಬ್ಬಿದ ಗೋಡೆ. ಆದರೆ ಹಾಲ್ ದೊಡ್ಡದಿತ್ತು, ಎರಡು ಕಡೆ ಬಾಗಿಲಿತ್ತು. ಎರಡು ಬಾಗಿಲು ನೋಡಿಯೇ ನಾನು ಒಪ್ಪಿಕೊಂಡದ್ದು. ಇಂಥ ಲ್ಯಾಬ್‌ನಲ್ಲಿ ಕೆಲಸ ಒಂದೇ ದಿಕ್ಕಿಗೆ ಸಾಗಬೇಕು. ಹಿಂದಕ್ಕೆ ಬರುವ ಹಾಗಿಲ್ಲ.

ಹಾಲನ್ನು ನಾಲ್ಕು ಭಾಗ ಮಾಡಿದೆವು. ಮೊದಲನೆಯದರಲ್ಲಿ ಸ್ಯಾಂಪಲ್ ಬಿಚ್ಚಿ, ವೈರಸ್ ಸಾಯಿಸಿ, ಅದರ ಆರ್‌ಎನ್‌ಎ, ಅಂದರೆ ಅದರ ವಂಶವಾಹಿ ವಸ್ತು, ತೆಗೆಯಬೇಕು. ಇನ್ನೊಂದರಲ್ಲಿ ಪರೀಕ್ಷೆಯ ದ್ರಾವಣಗಳನ್ನು ಬೆರೆಸಬೇಕು. ಅದಕ್ಕೆ ಮಾಸ್ಟರ್ ಮಿಕ್ಸ್ ರೂಮ್ ಅನ್ನುತ್ತಾರೆ. ಮೂರನೆಯದರಲ್ಲಿ ಇವೆರಡನ್ನೂ ಸೇರಿಸಬೇಕು. ಕೊನೆಯದರಲ್ಲಿ ಮಷೀನ್. ಮಷೀನ್ ರೂಮಿಗೆ ಹೋದವರು ಆ ದಿನ ಮತ್ತೆ ಮಿಕ್ಸ್ ರೂಮಿಗೆ ಕಾಲಿಡುವಂತಿಲ್ಲ. ಕೋಟು ಬೇರೆ, ಚಪ್ಪಲಿ ಬೇರೆ, ಹನಿ ಅಳೆದು ಹಾಕುವ ಪಿಪೆಟ್ ಬೇರೆ, ಪೆನ್ನು ಕೂಡ ಬೇರೆ. ನಮ್ಮ ಟೆಕ್ನಿಷಿಯನ್ ಒಬ್ಬಳು ಮಿಕ್ಸ್ ರೂಮಿಗೆ ಮಡಿ ರೂಮ್ ಅಂತ ಹೆಸರಿಟ್ಟಳು. ಮಡಿ ಅಂದ ಕೂಡಲೇ ನನಗೆ ನೆನಪಾಗುವ ಕೆಲವು ಸಂಗತಿ ಅಷ್ಟೇನೂ ಚೆಂದದ್ದಲ್ಲ. ಆದರೆ ಹೋಲಿಕೆ ಮಾತ್ರ ಪಕ್ಕಾ: ಅಜ್ಜಿಯ ಅಡುಗೆಮನೆಯಲ್ಲಿ ಹೇಗೆ ಮುಟ್ಟಿದ್ದು ಮುಟ್ಟದ್ದು ಅಂತ ಇತ್ತೋ, ಇಲ್ಲೂ ಹಾಗೆ. ಒಂದೇ ವ್ಯತ್ಯಾಸ, ಇಲ್ಲಿನ ಮೈಲಿಗೆಯನ್ನು ಗ್ರಾಫ್ ಹಾಕಿ ತೋರಿಸಬಹುದು.

ಒಂದು ರೂಮಿನಿಂದ ಇನ್ನೊಂದಕ್ಕೆ ಸಾಮಾನು ದಾಟಿಸಲು ಗೋಡೆಯಲ್ಲಿ ಪಾಸ್ ಬಾಕ್ಸ್ ಬೇಕು. ಎರಡು ಕಡೆ ಬಾಗಿಲಿರುವ ಸ್ಟೀಲ್ ಗೂಡು ಅದು. ಆ ಕಡೆಯ ಬಾಗಿಲು ತೆರೆದಿದ್ದಾಗ ಈ ಕಡೆಯದು ತೆರೆಯಬಾರದು. ಕೆಟಲಾಗ್‌ನಲ್ಲಿ ನೋಡಿದರೆ ಅದಕ್ಕೆ ಮ್ಯಾಗ್ನೆಟ್ ಬೀಗ, ಲೈಟು, ಬಜರ್ ಎಲ್ಲ ಇತ್ತು. ಬೆಲೆಯೂ ಹಾಗೇ ಇತ್ತು. ಹೋಗಲಿ ಅಂದರೆ, ಲಾಕ್‌ಡೌನ್‌ನಲ್ಲಿ ತಂದುಕೊಡುವವರೇ ಇಲ್ಲ. ಕೊನೆಗೆ ಊರಿನ ಒಬ್ಬ ಮಿಸ್ತ್ರಿಯನ್ನು ಹುಡುಕಿದೆವು. ಬೇಕರಿಗಳಿಗೆ ಗಾಜಿನ ಶೋಕೇಸ್ ಮಾಡಿಕೊಡುವವರು. ಡಿಸಿ ಆಫೀಸಿನಿಂದ ಪಾಸ್ ಮಾಡಿಸಿ ಕೊಟ್ಟೆವು. ಅರ್ಧ ಶಟರ್ ಎತ್ತಿ ಒಳಗೆ ಕೂತು ಕೆಲಸ ಮಾಡಿದರು.

ಎರಡು ಬಾಗಿಲಿನ ವಿಷಯ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಇಷ್ಟೇ ತಾನೇ ಮೇಡಂ? ಅದಕ್ಕೆ ಕರೆಂಟ್ ಯಾಕೆ?" ಅಂದರು. ಗೂಡಿನ ತಳದಲ್ಲಿ ಒಂದು ಕಂಬಿ ಹಾಯಿಸಿದರು. ಈ ಕಡೆಯ ಬಾಗಿಲು ತೆರೆದರೆ ಕಂಬಿ ಆ ಕಡೆಗೆ ಜಾರಿ ಅಲ್ಲಿನ ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಇದನ್ನು ಮುಚ್ಚಿದರೆ ವಾಪಸ್. ಅಷ್ಟೇ. ಆಮೇಲೆ ಎಷ್ಟೋ ಸಾಮಾನು ಕೆಟ್ಟಿವೆ, ಸರ್ವಿಸ್ ಎಂಜಿನಿಯರುಗಳು ಬಂದು ಹೋಗಿದ್ದಾರೆ. ಆ ಕಂಬಿ ಇವತ್ತಿಗೂ ಹಾಗೇ ಜಾರುತ್ತದೆ. ವರ್ಷಕ್ಕೊಮ್ಮೆ ಒಂದು ಹನಿ ಎಣ್ಣೆ ಸಾಕು.

ಗಾಳಿಯದ್ದು ದೊಡ್ಡ ತಲೆನೋವು. ಸ್ಯಾಂಪಲ್ ಬಿಚ್ಚುವ ರೂಮಿನ ಗಾಳಿ ಹೊರಗೆ ಬರಬಾರದು, ಹೊರಗಿನ ಗಾಳಿ ಒಳಗೆ ಹೋಗಬೇಕು. ಮಿಕ್ಸ್ ರೂಮಿನಲ್ಲಿ ಇದರ ಉಲ್ಟಾ. ಒಂದೇ ಎಸಿ ಪೈಪಿನಿಂದ ಎಲ್ಲ ರೂಮಿಗೂ ಗಾಳಿ ಕೊಡುವ ಹಾಗಿಲ್ಲ, ಈ ರೂಮಿನದು ಆ ರೂಮಿಗೆ ಹೋಗಿಬಿಡುತ್ತದೆ. ಸ್ಯಾಂಪಲ್ ಬಿಚ್ಚಲು ಇರುವ ಪೆಟ್ಟಿಗೆ, ಬಯೋಸೇಫ್ಟಿ ಕ್ಯಾಬಿನೆಟ್ ಮುಂದೆ ಗಾಳಿ ಅಲ್ಲಾಡಬಾರದು ಅಂತ ಸೀಲಿಂಗ್ ಫ್ಯಾನ್ ಎಲ್ಲ ಇಳಿಸಿದೆವು. ಕ್ಯಾಬಿನೆಟ್ಟಿನ ಬಾಯಲ್ಲಿ ಕಾಣದ ಒಂದು ಗಾಳಿ ಪರದೆ ಇರುತ್ತದೆ. ಕೆಲಸ ಮಾಡುವವರನ್ನು ಕಾಯುವುದು ಆ ಪರದೆ. ಪಕ್ಕದಲ್ಲಿ ಯಾರಾದರೂ ಜೋರಾಗಿ ನಡೆದು ಹೋದರೂ ಅದು ಹರಿಯುತ್ತದೆ.

ರೂಮಿನ ಗಾಳಿ ಯಾವ ಕಡೆ ಹೋಗುತ್ತಿದೆ ಅಂತ ನೋಡುವ ಮೀಟರ್ ಇನ್ನೂ ಬಂದಿರಲಿಲ್ಲ. ಊದುಬತ್ತಿ ಹಚ್ಚಿದೆವು. ಬಾಗಿಲನ್ನು ಒಂದು ಬೆರಳಷ್ಟು ತೆರೆದು ಸಂದಿಯ ಹತ್ತಿರ ಹಿಡಿದರೆ ಹೊಗೆ ಒಳಕ್ಕೆ ಬಾಗಬೇಕು. ಮೊದಲ ಸಲ ಅದು ನೇರ ನಮ್ಮ ಮುಖಕ್ಕೇ ಬಂತು! ಎಕ್ಸಾಸ್ಟ್ ಓಡುತ್ತಿದೆ, ಸದ್ದು ಕೇಳುತ್ತಿದೆ, ಹೊಗೆ ಮಾತ್ರ ಹೊರಗೆ. ಹಿಂದಿನ ಗೋಡೆಗೆ ಹೋಗಿ ನೋಡಿದರೆ, ಬಣ್ಣ ಸಿಡಿಯಬಾರದು ಅಂತ ಪೇಂಟರ್ ಜಾಲರಿಗೆ ನ್ಯೂಸ್‌ಪೇಪರ್ ಅಂಟಿಸಿದವರು ಹಾಗೇ ಬಿಟ್ಟು ಹೋಗಿದ್ದರು. ಪೇಪರ್ ಕಿತ್ತ ಕೂಡಲೇ ಹೊಗೆ ಸರಿಯಾಯಿತು.

ಆ ಎಕ್ಸಾಸ್ಟ್ ತೆರೆದುಕೊಳ್ಳುವ ಕಡೆ ಒಂದು ಹೊಂಗೆ ಮರ ಇದೆ. ರೋಗಿಗಳ ಕಡೆಯವರು ಬುತ್ತಿ ಬಿಚ್ಚಿ ಊಟ ಮಾಡುವುದು ಅಲ್ಲೇ. ಹೊರಗೆ ಬರುವ ಗಾಳಿಗೆ ಹೆಪಾ ಫಿಲ್ಟರ್ ಇದೆ, ವೈರಸ್ ದಾಟುವುದಿಲ್ಲ, ಪುಸ್ತಕದ ಪ್ರಕಾರ ಯಾವ ತೊಂದರೆಯೂ ಇಲ್ಲ. ಆದರೂ ಪೈಪನ್ನು ತಾರಸಿಯ ಮೇಲಕ್ಕೆ ಏರಿಸಿ ಅಂತ ಹಟ ಹಿಡಿದೆ. ಎಂಜಿನಿಯರ್ ಸಾಹೇಬರಿಗೆ ಬೇಜಾರಾಯಿತು. "ಫಿಲ್ಟರ್ ಇದೆಯಲ್ಲ ಮೇಡಂ, ಸುಮ್ನೆ ಖರ್ಚು ಯಾಕೆ?" ಫಿಲ್ಟರ್ ಇದೆ ಅಂತ ಊಟ ಮಾಡುವವರಿಗೆ ಗೊತ್ತಿರಬೇಕಲ್ಲ. ಕೊರೊನಾ ಲ್ಯಾಬಿನ ಗಾಳಿ ನಮ್ಮ ತಟ್ಟೆ ಮೇಲೆ ಬರ್ತಿದೆ ಅಂತ ಒಬ್ಬರು ಅಂದರೂ ಸಾಕಿತ್ತು, ಲ್ಯಾಬ್ ಶುರುವಾಗುವ ಮೊದಲೇ ಗಲಾಟೆ ಶುರುವಾಗುತ್ತಿತ್ತು.

ಕರೆಂಟಿನ ಕಥೆ ಜಾಸ್ತಿ ಹೇಳುವುದಿಲ್ಲ. ರೂಮಿಗೊಂದು ಎಸಿ, ಹಬೆಯಲ್ಲಿ ಬೇಯಿಸಿ ಶುದ್ಧ ಮಾಡುವ ಆಟೋಕ್ಲೇವ್, ಮೈನಸ್ 80 ಡಿಗ್ರಿ ಫ್ರೀಜರ್ ಎಲ್ಲ ಸೇರಿದರೆ ಹಳೇ ವೈರಿಂಗ್ ತಡೆಯುವುದಿಲ್ಲ. ಹೊಸ ಲೈನ್ ಎಳೆಸಬೇಕಾಯಿತು. ಇದ್ದಿಲು, ಉಪ್ಪು ತುಂಬಿ ಹೊಸ ಅರ್ಥಿಂಗ್ ಗುಂಡಿ ತೋಡಿಸಿದೆವು. ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕುವ ಕೆಲಸ ಡಿ ಗ್ರೂಪಿನ ಅಣ್ಣನದು. ಮಷೀನ್ ಎರಡು ಗಂಟೆ ಓಡುವ ರನ್ ನಡುವೆ ಕರೆಂಟ್ ಹೋದರೆ, ಸ್ಯಾಂಪಲ್‌ಗಳನ್ನು ತುಂಬಿಟ್ಟ ಇಡೀ ಪ್ಲೇಟ್ ದಂಡ. ಅದಕ್ಕೆ ಯುಪಿಎಸ್, ಅದರ ಬೆನ್ನಿಗೆ ಜನರೇಟರ್.

ಎಲ್ಲ ಸಿದ್ಧವಾಗಿ, ನೆಲ ಒರೆಸಿ, ರೂಮುಗಳನ್ನು ಹೈಪೋಕ್ಲೋರೈಟ್ ಹಾಕಿ ಶುದ್ಧ ಮಾಡಿದ ಮೇಲೆ ಉದ್ಘಾಟನೆ ಬಂತು. ಟೇಪ್ ಕಟ್ಟಿದ್ದು ಮಿಕ್ಸ್ ರೂಮಿನ ಬಾಗಿಲಿಗೆ. ಫೋಟೋ ಅಲ್ಲಿ ಚೆನ್ನಾಗಿ ಬರುತ್ತದೆ ಅಂತ. ಟೇಪ್ ಕತ್ತರಿಸಿದ ಮೇಲೆ ಎಲ್ಲರೂ ಒಳಗೆ ಬಂದರು, ಹೂವಿನ ಬೊಕ್ಕೆ ಸಮೇತ, ಬೂಟು ಸಮೇತ. ಬೇಡ ಅನ್ನಲು ಆಗುತ್ತದಾ? ಒಬ್ಬರು ಹಿರಿಯರು ಕ್ಯಾಬಿನೆಟ್ ಒಳಗೆ ಕೈಯಿಟ್ಟು, "ತಂಪಾಗಿದೆ" ಅಂದರು. ಅವರೆಲ್ಲ ಹೋದ ಮೇಲೆ ಬಾಗಿಲು ಹಾಕಿಕೊಂಡು ಮೊದಲಿನಿಂದ ಒರೆಸಿದೆವು. ಮಾರನೇ ದಿನದ ಪೇಪರಿನಲ್ಲಿ ಪರೀಕ್ಷೆ ಆರಂಭ ಅಂತ ಬಂತು. ಆದರೆ ಆಗಿನ್ನೂ ನಮಗೆ ಪರೀಕ್ಷೆ ಮಾಡುವ ಒಪ್ಪಿಗೆಯೇ ಬಂದಿರಲಿಲ್ಲ. ನಮಗೆ ದಾರಿ ತೋರಿಸುವ ಮೆಂಟರ್ ಸಂಸ್ಥೆಯಾದ ನಿಮ್ಹಾನ್ಸ್‌ನ ರಿಸಲ್ಟಿಗೆ ನಮ್ಮ ರಿಸಲ್ಟ್ ತಾಳೆಯಾಗಬೇಕು, ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಪೋರ್ಟಲ್‌ನಲ್ಲಿ ಲಾಗಿನ್ ಸಿಗಬೇಕು. ಅಲ್ಲಿಯವರೆಗೆ ಸಿಕ್ಕಸಿಕ್ಕವರೆಲ್ಲ "ಏನ್ರೀ, ಇನ್ನೂ ಶುರು ಮಾಡಿಲ್ವಾ?" ಅಂತ ಕೇಳಿದರು.

ನಮ್ಮ ಟೆಕ್ನಿಷಿಯನ್‌ಗಳು ಅಲ್ಲಿಯವರೆಗೆ ಮಾಡುತ್ತಿದ್ದದ್ದು ಮಲೇರಿಯಾ ಸ್ಮಿಯರ್, ಟೈಫಾಯ್ಡಿನ ವಿಡಾಲ್, ಕಲ್ಚರ್. ಕೆಲಸ ಬಲ್ಲವರೇ. ಆದರೆ ಐದು ಮೈಕ್ರೋಲೀಟರ್ ಅಂದರೆ ಕಣ್ಣಿಗೆ ಕಂಡೂ ಕಾಣದಷ್ಟು. ಅದನ್ನು ಪ್ಲೇಟಿನ ಒಂದೊಂದು ವೆಲ್‌ಗೂ, ಅಂದರೆ ಪುಟ್ಟ ಗುಳಿಗೂ, ಒಂದೇ ಸಮ ಹಾಕಬೇಕು. ಕಿಟ್ ದುಬಾರಿ, ಅದರಲ್ಲಿ ಕಲಿಯುವ ಹಾಗಿಲ್ಲ. ನೀರಿಗೆ ಕೇಸರಿ ಬಣ್ಣ ಬೆರೆಸಿ ಅಭ್ಯಾಸ ಮಾಡಿದರು. ಬಯೋಕೆಮಿಸ್ಟ್ರಿಯವರ ಹತ್ತಿರ ಸೂಕ್ಷ್ಮ ತಕ್ಕಡಿ ಎರವಲು ತಂದು ತೂಗಿದೆವು. ಒಂದು ಮೈಕ್ರೋಲೀಟರ್ ನೀರು ಒಂದು ಮಿಲಿಗ್ರಾಂ ತೂಗಬೇಕು. ಮೊದಲ ದಿನ ಅವರ ಅಂಕಿಗಳು ಎಲ್ಲೆಲ್ಲೋ ಇದ್ದವು. ಆಮೇಲೆ ಗೊತ್ತಾಯಿತು, ಹೆಬ್ಬೆರಳನ್ನು ನಿಧಾನ ಬಿಡಬೇಕು, ಅಷ್ಟೇ ಗುಟ್ಟು. ಅವಸರದ ಕೈಗೆ ಗಾಳಿಗುಳ್ಳೆ ಬರುತ್ತದೆ.

ಒಳಗಿನ ವಿದ್ಯೆ ಹೀಗೆ ಕೈಗೆ ಹತ್ತಿತು. ಸ್ಯಾಂಪಲ್ ಬರತೊಡಗಿದ ಮೇಲೆ ತೊಂದರೆ ಬಂದದ್ದು ಹೊರಗಿನ ಸಣ್ಣ ವಿಷಯಗಳಿಂದ. ಗಂಟಲು ದ್ರವದ ಟ್ಯೂಬುಗಳು ತಾಲ್ಲೂಕುಗಳಿಂದ ಐಸ್ ಪ್ಯಾಕ್ ಇಟ್ಟ ಡಬ್ಬದಲ್ಲಿ ಬರುತ್ತಿದ್ದವು. ಟ್ಯೂಬಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಹೆಸರು. ಟ್ಯೂಬ್ ಮುಟ್ಟುವ ಮುಂಚೆ ಸ್ಪಿರಿಟ್‌ನಿಂದ ಒರೆಸುವುದು ನಿಯಮ. ಒರೆಸಿದರೆ ಹೆಸರೇ ಮಾಯ! ಉಳಿದದ್ದರಲ್ಲಿ ಒಂದೇ ಡಬ್ಬದಲ್ಲಿ ಮೂವರು ಮಂಜುನಾಥ, ವಯಸ್ಸೂ ಹೆಚ್ಚುಕಮ್ಮಿ ಒಂದೇ. ತಾಲ್ಲೂಕಿಗೆ ಫೋನ್ ಮಾಡಿ ಹೇಳಿದೆವು: ಪೆನ್ಸಿಲಿನಲ್ಲಿ ಬರೀರಿ, ಮೇಲೆ ಸೆಲ್ಲೋ ಟೇಪ್ ಹಾಕಿ, ಹೆಸರಿನ ಜೊತೆ ಸ್ಯಾಂಪಲ್ ಫಾರಂನ ಎಸ್‌ಆರ್‌ಎಫ್ ನಂಬರ್ ಇಲ್ಲದೆ ಕಳಿಸಬೇಡಿ. ಕೆಲವು ಕಡೆ ಮರದ ಕಡ್ಡಿಯ ಹತ್ತಿ ಸ್ವಾಬ್ ಕಳಿಸಿದ್ದರು. ಆ ಕಡ್ಡಿ ಪಿಸಿಆರ್ ನಡೆಯಲು ಬಿಡುವುದಿಲ್ಲ. ಮನುಷ್ಯ ಮೂಗು ಕೊಟ್ಟು ಕಣ್ಣೀರು ಸುರಿಸಿದ್ದೆಲ್ಲ ವ್ಯರ್ಥ.

ಈಗ ಮಷೀನಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಇಷ್ಟೆಲ್ಲ ಗೋಡೆ, ಗಾಳಿ, ಮಡಿ ಯಾಕೆ ಅನ್ನೋದು ಅದರ ಗುಣದಲ್ಲೇ ಇದೆ. ಪಿಸಿಆರ್ ಅನ್ನುವ ಉಪಾಯವನ್ನು 1983ರಲ್ಲಿ ಅಮೆರಿಕದ ಕ್ಯಾರಿ ಮುಲ್ಲಿಸ್ ಕಂಡುಹಿಡಿದರು. 1993ರಲ್ಲಿ ನೊಬೆಲ್ ಬಂತು. ಡಿಎನ್‌ಎಯ ಒಂದು ತುಣುಕನ್ನು ಬಿಸಿ ಮಾಡಿ, ತಣಿಸಿ, ನಕಲು ಮಾಡುವುದು. ಒಂದು ಎರಡಾಗುತ್ತದೆ, ಎರಡು ನಾಲ್ಕು. ಲೆಕ್ಕದ ಪ್ರಕಾರ ನಲವತ್ತು ಸುತ್ತು ಆಗುವಷ್ಟರಲ್ಲಿ ಒಂದು ತುಣುಕು ಒಂದು ಲಕ್ಷ ಕೋಟಿಗೂ ಮೀರುತ್ತದೆ. ಪ್ರತಿ ಸುತ್ತಲ್ಲೂ 95 ಡಿಗ್ರಿ ಶಾಖ. ಆ ಬಿಸಿಯಲ್ಲಿ ಕೆಲಸ ಮಾಡುವ ಕಿಣ್ವ ಮೂಲತಃ ಸಿಕ್ಕಿದ್ದು ಅಮೆರಿಕದ ಯೆಲ್ಲೋಸ್ಟೋನ್‌ನ ಬಿಸಿನೀರ ಬುಗ್ಗೆಯಲ್ಲಿ ಬದುಕುವ ಒಂದು ಬ್ಯಾಕ್ಟೀರಿಯಾದಿಂದ. 1960ರ ದಶಕದಲ್ಲಿ ಬಿಸಿನೀರಲ್ಲಿ ಏನು ಬದುಕುತ್ತದೋ ನೋಡೋಣ ಅಂತ ಹೊರಟ ಯಾರೋ ಒಬ್ಬರ ಕುತೂಹಲದಿಂದ ಬಂದದ್ದು, ನಮ್ಮ ರೆಕಾರ್ಡ್ ರೂಮಿನವರೆಗೆ ತಲುಪಿತು. ಕೊರೊನಾ ವೈರಸ್ಸಿನಲ್ಲಿ ಇರುವುದು ಆರ್‌ಎನ್‌ಎ, ಹಾಗಾಗಿ ಮೊದಲು ಅದನ್ನು ಡಿಎನ್‌ಎ ಮಾಡಿಕೊಳ್ಳಬೇಕು. ಆರ್‌ಟಿ ಅನ್ನೋ ಎರಡು ಅಕ್ಷರ ಅದಕ್ಕೆ.

ಒಂದನ್ನು ಲಕ್ಷ ಕೋಟಿ ಮಾಡುವ ಯಂತ್ರಕ್ಕೆ, ಆ ಒಂದು ಎಲ್ಲಿಂದ ಬಂತು ಅಂತ ಗೊತ್ತಾಗುವುದಿಲ್ಲ. ರೋಗಿಯ ಮೂಗಿನಿಂದ ಬಂತೋ, ನನ್ನ ಕೈಗವಸಿನಿಂದ ಬಂತೋ, ಅದಕ್ಕೆ ಎರಡೂ ಒಂದೇ. ಅದಕ್ಕೇ ಪ್ರತಿ ಪ್ಲೇಟಿನಲ್ಲೂ ಒಂದು ವೆಲ್ ಖಾಲಿ ಬಿಡುತ್ತೇವೆ. ಖಾಲಿ ಅಂದರೆ ದ್ರಾವಣ ಎಲ್ಲ ಇರುತ್ತದೆ, ಸ್ಯಾಂಪಲ್ ಬದಲು ಬರೀ ಶುದ್ಧ ನೀರು. ಎನ್‌ಟಿಸಿ ಅಂತಾರೆ. 96 ವೆಲ್‌ಗಳಲ್ಲಿ ಒಂದು ಇದಕ್ಕೆ, ಒಂದು ಪರೀಕ್ಷೆ ಸರಿಯಿದೆಯಾ ಅಂತ ನೋಡಲು ಖಂಡಿತ ಪಾಸಿಟಿವ್ ಬರಬೇಕಾದ ಪಾಸಿಟಿವ್ ಕಂಟ್ರೋಲಿಗೆ, ಉಳಿದ 94 ರೋಗಿಗಳದ್ದು. ಪರದೆಯ ಗ್ರಾಫಿನಲ್ಲಿ, ನಕಲು ಹೆಚ್ಚಿದ ವೆಲ್‌ನ ಗೆರೆ ಮೇಲೇಳುತ್ತದೆ. ಮಷೀನ್ ಮುಂದೆ ಕೂತವರು ಮೊದಲು ನೋಡುವುದು ಈ ನೀರಿನ ಗೆರೆಯನ್ನು. ಅದು ಕೊನೆಯವರೆಗೂ ನೆಲಕ್ಕಂಟಿ ಮಲಗಿರಬೇಕು. ಅದೇನಾದರೂ ತಲೆ ಎತ್ತಿತೋ, ಉಳಿದ 94 ಜನರ ಬಗ್ಗೆ ನಾವು ಬಾಯಿ ಬಿಡುವಂತಿಲ್ಲ.

ಒಂದು ರಾತ್ರಿ ಅದು ತಲೆ ಎತ್ತಿತು. 36ನೇ ಸುತ್ತಿನಲ್ಲಿ. ನಾವು ಮೂವರು ಪರದೆ ನೋಡುತ್ತಾ ಕೂತಿದ್ದೆವು. ಯಾರೂ ಮಾತಾಡಲಿಲ್ಲ. ಅಷ್ಟರಲ್ಲಿ ಕೊರೊನಾ ಬುಲೆಟಿನ್‌ಗೆ ಲೆಕ್ಕ ಕಳಿಸುವ ಆಫೀಸಿನಿಂದ ಫೋನ್.

"ಮೇಡಂ, ರಿಪೋರ್ಟ್ ಬಂತಾ? ಬುಲೆಟಿನ್‌ಗೆ ಕಳಿಸಬೇಕು."

"ಇಲ್ಲ ಸಾರ್. ರನ್ ಫೇಲ್ ಆಗಿದೆ. ಮತ್ತೆ ಹಾಕ್ತೀವಿ."

"ಪೂರ್ತಿ ಬೇಡ ಮೇಡಂ. ಪಾಸಿಟಿವ್ ಎಷ್ಟಿರಬಹುದು, ಅಂದಾಜು ಹೇಳಿ ಸಾಕು."

ಅವರನ್ನು ನಾನು ದೂರುವುದಿಲ್ಲ. ಅವರಿಗೂ ಮೇಲಿನಿಂದ ಫೋನ್ ಬರುತ್ತಿತ್ತು. ರೋಗಿಗೊಂದು ಪಿ ನಂಬರ್ ಹಾಕಿ, ಯಾರ ಸಂಪರ್ಕ ಅಂತ ಬರೆದು ಬುಲೆಟಿನ್ ಹೊರಡುವ ದಿನಗಳವು. ಆದರೆ ಅಂದಾಜು ಹೇಳುವುದಕ್ಕೆ ಲ್ಯಾಬ್ ಯಾಕೆ ಬೇಕು, ಅಲ್ವಾ? ಆ ಏಪ್ರಿಲ್‌ನಲ್ಲೇ ಹೊರದೇಶದಿಂದ ಬಂದ ರ‍್ಯಾಪಿಡ್ ಆ್ಯಂಟಿಬಾಡಿ ಕಿಟ್‌ಗಳ ಕಥೆ ಕಣ್ಣಮುಂದಿತ್ತು. ಕೆಲವೇ ನಿಮಿಷದಲ್ಲಿ ಉತ್ತರ ಅಂತ ತರಿಸಿದ್ದು. ಉತ್ತರ ನಂಬುವ ಹಾಗಿಲ್ಲ ಅಂತ ಗೊತ್ತಾಗಿ, ಬಳಸಬೇಡಿ, ವಾಪಸ್ ಕಳಿಸಿ ಅಂತ ಐಸಿಎಂಆರ್ ರಾಜ್ಯಗಳಿಗೆ ಹೇಳಬೇಕಾಯಿತು.

ಆ ರಾತ್ರಿ ತೆರೆದಿದ್ದ ದ್ರಾವಣಗಳನ್ನೆಲ್ಲ ಬಿಸಾಡಿದೆವು. ಟೇಬಲ್, ಪಿಪೆಟ್, ಬಾಗಿಲ ಹಿಡಿ, ಫ್ರಿಜ್ಜಿನ ಹಿಡಿ, ಎಲ್ಲ ಒರೆಸಿ ಯುವಿ ಲೈಟ್ ಹಾಕಿ ಹೊರಗೆ ಕೂತೆವು. ಮತ್ತೆ ರನ್ ಹಾಕಿದ ಮೇಲೆ ನೀರಿನ ಗೆರೆ ಮಲಗಿತು. ರಿಪೋರ್ಟ್ ಹೋದದ್ದು ಬೆಳಿಗ್ಗೆ. ಆ ಬ್ಯಾಚಿನಲ್ಲಿ ಕಂಟೈನ್‌ಮೆಂಟ್ ಏರಿಯಾದ ಒಬ್ಬ ಬಸುರಿಯ ಸ್ಯಾಂಪಲ್ ಇತ್ತು. ರಿಪೋರ್ಟ್ ಬರದ ಕಾರಣ ಪಿಪಿಇ ಹಾಕಿಕೊಂಡೇ, ಐಸೋಲೇಶನ್ ರೂಮಿನಲ್ಲೇ ಹೆರಿಗೆ ಮಾಡಿಸಿದರು. ಬೆಳಿಗ್ಗೆ ನೋಡಿದರೆ ನೆಗೆಟಿವ್. ಹೆರಿಗೆ ಮಾಡಿಸಿದ ಡಾಕ್ಟರು ನನ್ನ ಮೇಲೆ ಸಿಟ್ಟಾದರು. ಆದರೆ ಹಿಂದಿನ ರಾತ್ರಿಯ ಪ್ಲೇಟ್ ನಂಬಿ ಏನು ಹೇಳಿದ್ದರೂ ಅದು ಲಾಟರಿಯೇ.

ಎಲ್ಲಿಂದ ಬಂತು ಅನ್ನೋದಕ್ಕೆ ನಮ್ಮ ಗುಮಾನಿ ಪಾಸಿಟಿವ್ ಕಂಟ್ರೋಲ್ ಮೇಲೆ. ವಿಚಿತ್ರ ನೋಡಿ, ಲ್ಯಾಬಿನ ಮಡಿಗೆ ರೋಗಿಗಳ ಸ್ಯಾಂಪಲ್‌ಗಿಂತ ದೊಡ್ಡ ಅಪಾಯ ಅದೇ. ಅದರಿಂದ ಯಾರಿಗೂ ರೋಗ ಬರುವುದಿಲ್ಲ. ಆದರೆ ಪರೀಕ್ಷೆ ಹುಡುಕುವ ತುಣುಕನ್ನೇ ದಟ್ಟವಾಗಿ ತುಂಬಿಟ್ಟ ಸೀಸೆ ಅದು, ಒಂದು ಸಿಡಿತ ಸಾಕು. ಎಷ್ಟೋ ಕಿಟ್‌ಗಳಲ್ಲಿ ಅದೂ, ಮಡಿಯಾಗಿರಬೇಕಾದ, ನಕಲು ಶುರು ಮಾಡಿಸುವ ಪ್ರೈಮರ್ರೂ ಒಂದೇ ಡಬ್ಬದಲ್ಲಿ ಅಕ್ಕಪಕ್ಕ ಕೂತು ಬರುತ್ತವೆ. ಅಂದಿನಿಂದ ಡಬ್ಬ ಬಂದ ಕೂಡಲೇ ಆ ಸೀಸೆಯನ್ನು ತೆಗೆದು ಬೇರೆ ರೂಮಿನ ಬೇರೆ ಫ್ರೀಜರಿಗೆ ಹಾಕುವುದು ನಿಯಮವಾಯಿತು. ಪ್ಲೇಟಿಗೂ ಅದನ್ನು ಎಲ್ಲಕ್ಕಿಂತ ಕೊನೆಗೆ ಹಾಕುವುದು.

ಪಾಸಿಟಿವ್ ಅನ್ನುವುದಕ್ಕಿಂತ ನೆಗೆಟಿವ್ ಅನ್ನುವುದು ಕಷ್ಟ. ಇದು ನನಗೆ ಆ ವರ್ಷ ಅರ್ಥವಾದ ಹಾಗೆ ಯಾವ ಪುಸ್ತಕದಿಂದಲೂ ಆಗಿರಲಿಲ್ಲ. ವೈರಸ್ ಇಲ್ಲ ಅಂತ ಹೇಳಬೇಕಾದರೆ, ಸ್ವಾಬ್ ಸರಿಯಾಗಿ ತೆಗೆದಿದ್ದಾರೆ ಅಂತ ಗೊತ್ತಿರಬೇಕು. ಅದಕ್ಕೆ ಪರೀಕ್ಷೆಯಲ್ಲೇ ಒಂದು ಉಪಾಯ ಇದೆ. ವೈರಸ್ ಜೊತೆಗೆ ಮನುಷ್ಯನದೇ ಒಂದು ಜೀನ್ ಕೂಡ ಹುಡುಕುತ್ತೇವೆ, ಆರ್‌ನೇಸ್ ಪಿ ಅಂತ. ಮೂಗಿನೊಳಗೆ ಕಡ್ಡಿ ಹೋಗಿದ್ದರೆ ನಾಲ್ಕು ಜೀವಕೋಶ ಅಂಟಿಕೊಂಡೇ ಬಂದಿರುತ್ತವೆ, ಆ ಗೆರೆ ಮೇಲೇಳಲೇಬೇಕು. ಒಂದು ತಾಲ್ಲೂಕಿನಿಂದ ಬಂದ ಡಬ್ಬದಲ್ಲಿ ಸಾಲಾಗಿ ಹಲವು ಟ್ಯೂಬುಗಳಲ್ಲಿ ವೈರಸ್ಸೂ ಇಲ್ಲ, ಮನುಷ್ಯನೂ ಇಲ್ಲ! ಹೆದರಿಕೆಯಲ್ಲಿ ಯಾರೋ ದೂರದಿಂದಲೇ ತೋರಿಸಿ ಕಡ್ಡಿ ಟ್ಯೂಬಿಗೆ ಹಾಕಿದ್ದರು. ಅದು ಪಿಪಿಇ ಕೂಡ ಸರಿಯಾಗಿ ಸಿಗದ ಹೊತ್ತು. ಬೈಯಲು ಮನಸ್ಸು ಬರಲಿಲ್ಲ. ಮತ್ತೆ ಸ್ಯಾಂಪಲ್ ಕಳಿಸಿ ಅಂತಷ್ಟೇ ಬರೆದೆವು. ಆ ಊರಿನವರಿಗೆ ಮತ್ತೆ ಮೂಗು ಕೊಡಬೇಕಾಗಿ ಬಂದು ಸಿಟ್ಟು ಬಂತು, ಅದನ್ನು ಕೇಳಿಸಿಕೊಂಡದ್ದು ಪಾಪ ಆಶಾ ಕಾರ್ಯಕರ್ತೆ.

ಮೇ ತಿಂಗಳಲ್ಲಿ ಮುಂಬೈ ಕಡೆಯಿಂದ ಜನ ಊರಿಗೆ ವಾಪಸ್ ಬರತೊಡಗಿದರು. ಹಾಸ್ಟೆಲ್, ಶಾಲೆ ಎಲ್ಲ ಕ್ವಾರಂಟೈನ್ ಕೇಂದ್ರ. ಸ್ಯಾಂಪಲ್ ಡಬ್ಬಗಳು ವರಾಂಡದಲ್ಲಿ ಸಾಲು ನಿಂತವು. ಅದಕ್ಕೂ ಮೊದಲು ಐದು ಸ್ಯಾಂಪಲ್ ಸೇರಿಸಿ ಒಂದೇ ಪರೀಕ್ಷೆ ಮಾಡುವ ಪೂಲಿಂಗ್‌ಗೆ ಐಸಿಎಂಆರ್ ಒಪ್ಪಿತ್ತು. ನೆಗೆಟಿವ್ ಬಂದರೆ ಐವರೂ ಪಾರು, ಒಂದು ಕಿಟ್‌ನಲ್ಲಿ ಐದು ಕೆಲಸ. ಮಹಾರಾಷ್ಟ್ರದಿಂದ ಬಂದವರ ವಿಷಯದಲ್ಲಿ ಇದು ತಿರುಗುಬಾಣವಾಯಿತು. ಹೆಚ್ಚಿನ ಪೂಲ್‌ಗಳು ಪಾಸಿಟಿವ್, ಐದನ್ನೂ ಬಿಡಿಸಿ ಮತ್ತೆ ಮಾಡಬೇಕು. ಒಂದೇ ಕೆಲಸ ಎರಡು ಸಲ. ಅವರಿಗೆ ಪೂಲಿಂಗ್ ಬಿಟ್ಟೆವು. ಕಿಟ್‌ಗಳೂ ಒಂದೊಂದು ಸಲ ಒಂದೊಂದು ಕಂಪನಿಯದು ಬರುತ್ತಿದ್ದವು. ಡೈ ಬೇರೆ, ಸುತ್ತು ಬೇರೆ, ಲೆಕ್ಕ ಬೇರೆ. ಹೊಸ ಡಬ್ಬ ಬಂದಾಗಲೆಲ್ಲ ಹಳೇ ಸ್ಯಾಂಪಲ್ ಇಟ್ಟು ತಾಳೆ ನೋಡದೆ ರಿಪೋರ್ಟ್ ಕೊಡುತ್ತಿರಲಿಲ್ಲ.

ಕಸದ ಬಗ್ಗೆ ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಆಸ್ಪತ್ರೆಯಲ್ಲಿ ಎಲ್ಲದಕ್ಕೂ ಹೈಪೋಕ್ಲೋರೈಟ್ ಸುರಿಯುವುದು ರೂಢಿ. ಆದರೆ ಆರ್‌ಎನ್‌ಎ ತೆಗೆಯುವಾಗ ವೈರಸ್ ಸಾಯಿಸಲು ಬಳಸುವ ದ್ರಾವಣದಲ್ಲಿ ಗ್ವಾನಿಡೀನ್ ಲವಣ ಇರುತ್ತದೆ. ಅದಕ್ಕೆ ಹೈಪೋಕ್ಲೋರೈಟ್ ಬಿದ್ದರೆ ವಿಷದ ಗಾಳಿ ಏಳುತ್ತದೆ. ಅದರ ಕ್ಯಾನಿಗೆ ಕೆಂಪು ಪಟ್ಟಿ ಸುತ್ತಿ, ಕನ್ನಡದಲ್ಲಿ ದೊಡ್ಡಕ್ಷರದಲ್ಲಿ "ಇದಕ್ಕೆ ಬ್ಲೀಚಿಂಗ್ ಹಾಕಬೇಡಿ" ಅಂತ ಬರೆಸಿದೆ. ಇನ್ನೊಂದು, ಮಷೀನಿನಿಂದ ಹೊರಬಂದ ಪ್ಲೇಟ್. ಉಳಿದ ಗಟ್ಟಿ ಕಸ ಮೊದಲು ಆಟೋಕ್ಲೇವ್‌ಗೆ, ಆಮೇಲೆ ಅದರದರ ಬಣ್ಣದ ಚೀಲಕ್ಕೆ. ಪ್ಲೇಟ್ ಮಾತ್ರ ಆಟೋಕ್ಲೇವ್‌ಗೆ ಹೋಗುವಂತಿಲ್ಲ. ಬಿಸಿಗೆ ಅದರ ಮುಚ್ಚಳ ಬಿಚ್ಚಿಕೊಂಡರೆ, ಲಕ್ಷ ಕೋಟಿಗಟ್ಟಲೆ ನಕಲುಗಳು ಗಾಳಿಗೆ ಸೇರಿ, ಮುಂದೆ ಎಷ್ಟು ದಿನ ನೀರಿನ ಗೆರೆ ಏಳುತ್ತಿರುತ್ತದೋ ಹೇಳಲಾಗದು. ಅದನ್ನು ಬಿಚ್ಚದೆ, ಎರಡು ಕವರ್ ಸುತ್ತಿ ಹಾಗೇ ಸುಡಲು ಕಳಿಸುವುದು. ಎಲ್ಲವನ್ನೂ ಬೇಯಿಸಿ ಅಭ್ಯಾಸವಾದ ಆಟೋಕ್ಲೇವ್ ಅಣ್ಣನಿಗೆ ಇದನ್ನು ಒಪ್ಪಿಸಲು ಬಹಳ ಮಾತಾಡಬೇಕಾಯಿತು. ಒಪ್ಪಿದ ಮೇಲೆ ಅವರಷ್ಟು ಕಟ್ಟುನಿಟ್ಟು ಇನ್ನೊಬ್ಬರಿಲ್ಲ.

ಅಲ್ಲಿ ಕೆಲಸ ಮಾಡಿದವರಲ್ಲಿ ಹೆಚ್ಚಿನವರು ಗುತ್ತಿಗೆಯವರು. ಮನೆ ಖಾಲಿ ಮಾಡಿ ಅಂತ ಓನರ್ ಹೇಳಿದರೂ ಡ್ಯೂಟಿಗೆ ಬಂದವರು. ಪಿಪಿಇ ಹಾಕಿದ ಮೇಲೆ ಬಿಚ್ಚುವ ಹಾಗಿಲ್ಲ ಅಂತ ನೀರು ಕುಡಿಯದೆ ಇದ್ದವರು, ತಿಂಗಳ ಆ ದಿನಗಳಲ್ಲೂ. ಅಲೆಗಳು ಇಳಿದ ಮೇಲೆ ಗುತ್ತಿಗೆ ಮುಗಿಯಿತು. ಸನ್ಮಾನದ ಶಾಲು, ಒಂದು ಸರ್ಟಿಫಿಕೇಟು. ಮಡಿ ರೂಮ್ ಅಂತ ಹೆಸರಿಟ್ಟವಳು ಈಗ ಬೆಂಗಳೂರಿನ ಖಾಸಗಿ ಲ್ಯಾಬ್ ಒಂದರಲ್ಲಿದ್ದಾಳೆ. ಅವಳ ಕೈಯಲ್ಲಿ ಕಲಿತ ವಿದ್ಯೆ ಸರ್ಕಾರದ ದುಡ್ಡಿನದು, ಈಗ ಇನ್ಯಾರದೋ ಲಾಭಕ್ಕೆ. ಅವಳದೇನೂ ತಪ್ಪಿಲ್ಲ. ಮಷೀನಿಗೆ ವರ್ಷವರ್ಷ ಮೆಂಟೆನೆನ್ಸ್ ಕಾಂಟ್ರ್ಯಾಕ್ಟ್ ಮಾಡಿಸುವವರು, ಪಿಪೆಟ್ ಹಿಡಿಯುವ ಕೈಯನ್ನು ಉಳಿಸಿಕೊಳ್ಳುವುದು ಖರ್ಚು ಅಂತ ಯಾಕೆ ಅಂದುಕೊಂಡರೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಲ್ಯಾಬ್ ನಡೆಯುತ್ತಿದೆ. ಮಳೆ ಬಿದ್ದ ಮೇಲೆ ಡೆಂಗಿ ಜಾಸ್ತಿ, ಚಳಿಗೆ ಎಚ್1ಎನ್1. ಉಬ್ಬಿದ ಗೋಡೆಗೆ ಇನ್ನೊಮ್ಮೆ ಗಾರೆ ಆಗಿದೆ. ಕಳೆದ ವಾರ ಪಿಪೆಟ್ ತುದಿಗೆ ಹಾಕುವ ಫಿಲ್ಟರ್ ಟಿಪ್ ಬೇಕು ಅಂತ ಇಂಡೆಂಟ್ ಹಾಕಿದೆ. ಎರಡು ಬಾಕ್ಸ್ ಮಾತ್ರ ಉಳಿದಿವೆ. ಸ್ಟೋರ್‌ನಿಂದ ಫೈಲ್ ವಾಪಸ್ ಬಂದಿದೆ, ಮೂರು ಕೊಟೇಶನ್ ಲಗತ್ತಿಸಬೇಕಂತೆ.